ಯಾರು ನೋಡಿದರು ಅಂತ ಎಣಿಸಬೇಡಿ

ಕೇಳುಗರಿಗೆ ನಮಸ್ಕಾರ. ಚಿತ್ರದುರ್ಗ, ದಾವಣಗೆರೆಯ ಚರ್ಚುಗಳ ಯುವಕ ಸಂಘದವರು, ಕ್ವಾಯರ್‌ನಲ್ಲಿ ಹಾಡುವವರು, ಭಾನುವಾರದ ಆರಾಧನೆ ಮುಗಿದ ಕೂಡಲೇ ಸ್ಟೇಟಸ್ ಹಾಕುವವರು, ಈ ಮಾತು ನಿಮಗೇ. ಸ್ಟೇಟಸ್ ಹಾಕಿ, ಬೇಡ ಅನ್ನುವುದಿಲ್ಲ. ಹಾಕಿದ ಮೇಲೆ ಯಾರು ನೋಡಿದರು ಅಂತ ಎಣಿಸಬೇಡಿ. ಇವತ್ತು ಹೇಳುವುದು ಇದೊಂದೇ.

ಹೊಗಳಿಕೆಯ ಹಸಿವು ಫೋನಿನ ಜೊತೆ ಹುಟ್ಟಿದ್ದಲ್ಲ. 5ನೇ ಶತಮಾನದ ಆರಂಭದಲ್ಲೇ ಜಾನ್ ಕ್ಯಾಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಇದರ ಬಗ್ಗೆ ಬರೆದಿದ್ದಾರೆ. ಅವರು ಈಜಿಪ್ಟಿನ ಮರುಭೂಮಿಯಲ್ಲಿದ್ದಾಗಿನ ಘಟನೆ. ಹಿರಿಯ ಸನ್ಯಾಸಿಯೊಬ್ಬರು ಇನ್ನೊಬ್ಬನ ಗುಡಿಸಲಿಗೆ ಹೋದರು. ಒಳಗಿನಿಂದ ಮಾತು ಕೇಳಿಸಿತು. ಕೆಲಸ ಮಾಡುತ್ತಾ ಬೈಬಲ್ ವಾಕ್ಯ ಹೇಳಿಕೊಳ್ಳುತ್ತಿರಬೇಕು ಅಂತ ಬಾಗಿಲಲ್ಲೇ ನಿಂತು ಕಿವಿಗೊಟ್ಟರು. ನೋಡಿದರೆ ಅವನು ತುಂಬಿದ ಚರ್ಚಿನಲ್ಲಿ ನಿಂತವನ ಹಾಗೆ ಪ್ರಸಂಗ ಮಾಡುತ್ತಿದ್ದಾನೆ! ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಪ್ರಸಂಗ ಮುಗಿಸಿದ. ಆಮೇಲೆ ತಾನೇ ಸಭಾಸೇವಕನ (ಡೀಕನ್) ಪಾತ್ರ ಹಿಡಿದು, ಇನ್ನೂ ದೀಕ್ಷಾಸ್ನಾನ ಆಗದವರನ್ನು ಆ ಕಾಲದ ಪದ್ಧತಿಯಂತೆ ಹೊರಗೆ ಕಳಿಸಿಕೊಟ್ಟ. ಆಗ ಹಿರಿಯರು ಬಾಗಿಲು ತಟ್ಟಿದರು. ಅವನಿಗೆ ಒಳಗೊಳಗೇ ಅಳುಕು. "ಬಂದು ಬಹಳ ಹೊತ್ತಾಯಿತೇ?" ಎಂದ. ಹಿರಿಯರು ನಗುತ್ತಾ, "ಇಲ್ಲಪ್ಪ, ನೀನು ಜನರನ್ನು ಕಳಿಸಿಕೊಡುತ್ತಿದ್ದೆಯಲ್ಲ, ಆಗಲೇ ಬಂದೆ" ಎಂದರು.

ನೋಡಿ, ಮರುಭೂಮಿಯಲ್ಲೂ ಅವನಿಗೆ ನೋಡುವ ಜನ ಬೇಕಾಗಿದ್ದರು. ಕ್ಯಾಸಿಯನ್ ಈ ರೋಗವನ್ನು ಈರುಳ್ಳಿಗೆ ಹೋಲಿಸುತ್ತಾರೆ. ಚಳ್ಳಕೆರೆ ಕಡೆಯ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದು ಪದರ ಸುಲಿದರೆ ಕೆಳಗೆ ಇನ್ನೊಂದು. ಒಳ್ಳೆಯ ಬಟ್ಟೆಯ ಜಂಬ ಬಿಟ್ಟವನಿಗೆ ಹರಕು ಬಟ್ಟೆಯ ಜಂಬ ಬರುತ್ತದೆ. ಸೆಲ್ಫಿ ಬಿಟ್ಟವರು ಉಪವಾಸದ ಫೋಟೋ ಹಾಕುತ್ತಾರೆ.

"ನಿಮ್ಮ ಬೆಳಕು ಪ್ರಕಾಶಿಸಲಿ ಅಂತ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲೇ ಇದೆಯಲ್ಲ" ಅಂತ ಕೆಲವರು ಅನ್ನುತ್ತಾರೆ. ಇದೆ. ದಯವಿಟ್ಟು ವಾಕ್ಯ ಪೂರ್ತಿ ಓದಿ. ಜನ ಕೊಂಡಾಡಬೇಕಾದದ್ದು ಪರಲೋಕದ ತಂದೆಯನ್ನು, ನಿಮ್ಮನ್ನಲ್ಲ. ಮುಂದಿನ ಅಧ್ಯಾಯದಲ್ಲೇ ಯೇಸುಸ್ವಾಮಿ, ದಾನ ಮಾಡುವಾಗ ತುತ್ತೂರಿ ಊದಿಸಬೇಡಿ ಎನ್ನುತ್ತಾರೆ. ಹೊಗಳಿಸಿಕೊಂಡವರಿಗೆ ಬರಬೇಕಾದ ಫಲ ಅಲ್ಲಿಗೇ ಬಂದಾಯಿತು.

ಈಗ ಫೋನ್ ಕೈಗೆ ತಗೊಳ್ಳಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ರೀಡ್ ರಿಸೀಟ್ಸ್ ಆಫ್ ಮಾಡಿ. ನಿಮ್ಮ ಸ್ಟೇಟಸ್ ಯಾರು ನೋಡಿದರು ಅನ್ನುವುದು ಕಾಣುವುದಿಲ್ಲ. ನೀಲಿ ಟಿಕ್ಕೂ ಹೋಗುತ್ತದೆ, ಹೋಗಲಿ. ಇನ್‌ಸ್ಟಾಗ್ರಾಮ್‌ನಲ್ಲಿ ಲೈಕ್ ಸಂಖ್ಯೆ ಮರೆಮಾಡಿದರೆ ಸಾಲದು. ಅದು ಬೇರೆಯವರಿಗಷ್ಟೇ ಮರೆ, ನಿಮಗೆ ಕಾಣುತ್ತಲೇ ಇರುತ್ತದೆ. ಲೈಕ್ ಬಂದಾಗ ಬರುವ ನೋಟಿಫಿಕೇಶನ್ ಕೂಡ ನಿಲ್ಲಿಸಿ.

ಇನ್ನು ಕ್ರಿಸ್‌ಮಸ್‌ಗೆ ಅಕ್ಕಿ, ಬೇಳೆ ಹಂಚುವ ಸಂಘದವರು. ದಾನಿಗಳಿಗೆ ಲೆಕ್ಕ ಕೊಡಬೇಕೆಂದರೆ ಅಂಗಡಿ ಬಿಲ್ಲಿನ ಫೋಟೋ ದಾನಿಗಳ ಗುಂಪಿಗೆ ಕಳಿಸಿ, ಸಾಕು. ಚೀಲ ಹಿಡಿದು ನಿಂತ ಅಜ್ಜಿಯ ಮುಖ ಅದರಲ್ಲಿ ಬೇಡ, ಕೊಡುತ್ತಿರುವ ನಿಮ್ಮ ಮುಖವೂ ಬೇಡ. ನಮಸ್ಕಾರ.