ಮಕ್ಕಳ ಒಂದು ತಪ್ಪು ಉತ್ತರದಿಂದ ಶುರು ಮಾಡೋಣ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಬಸ್ಸು ಹಿಡಿದು ಶಿವಮೊಗ್ಗದವರೆಗೆ ಬಂದಿದ್ದೀರಿ. ಸುತ್ತಿ ಬಳಸದೆ ನೇರ ವಿಷಯಕ್ಕೇ ಬರುತ್ತೇನೆ.

ಆನ್‌ಲೈನ್ ಕಲಿಕೆ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ 2020 ನೆನಪಾಗುತ್ತದೆ. ನಾವು ಮೊಬೈಲ್ ಎದುರು ಕೂತು ಮಾತಾಡುತ್ತಲೇ ಇರುವುದು, ಆ ಕಡೆ ಧ್ವನಿ ಕಟ್ ಆಗುವುದು, ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಕೂರುವುದು. ಅದನ್ನು ಕಣ್ಣಾರೆ ಕಂಡವರು ‘ಇದು ನಮ್ಮ ಮಲೆನಾಡಿಗೆ ಆಗಿಬರುವುದಿಲ್ಲ’ ಅಂದುಕೊಂಡರೆ ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಆಗ ನಡೆದದ್ದು ಲೈವ್ ಕ್ಲಾಸ್. ಇವತ್ತು ನಾನು ಹೇಳುತ್ತಿರುವುದು ಬೇರೆ. ಮೂಡಲ್, ಗೂಗಲ್ ಕ್ಲಾಸ್‌ರೂಮ್ ತರಹದ, ಪಾಠ, ಪ್ರಶ್ನೆ ಹಾಕಿಟ್ಟು ಮಕ್ಕಳಿಂದ ಉತ್ತರ ಪಡೆಯುವ ಆನ್‌ಲೈನ್ ವ್ಯವಸ್ಥೆಗಳಲ್ಲಿ ಶಿಕ್ಷಕರು, ಮಕ್ಕಳು ಒಂದೇ ಹೊತ್ತಿಗೆ ಕೂರಬೇಕಾಗಿಲ್ಲ. ನೀವು ಸೋಮವಾರ ಹಾಕಿದ್ದನ್ನು ಮಗು ಬುಧವಾರ ರಾತ್ರಿ ನೋಡಬಹುದು. ನಮ್ಮ ಕಡೆಗೆ ಬೇಕಿರುವುದೇ ಅದು.

ಮೂಡಲ್ ಶುರು ಮಾಡಿದ್ದು ಮಾರ್ಟಿನ್ ಡೂಗಿಯಾಮಾಸ್ ಅನ್ನುವವರು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಅವರು ಬಾಲ್ಯ ಕಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ. ಹತ್ತಿರದಲ್ಲಿ ಶಾಲೆ ಇರಲಿಲ್ಲ, ರೇಡಿಯೊದಲ್ಲೇ ಪಾಠ ಕೇಳಿ ಕಲಿತವರು. ಶಾಲೆಯಿಂದ ದೂರ ಇರುವ ಮಗುವಿನ ಕಷ್ಟ ಗೊತ್ತಿದ್ದ ಮನುಷ್ಯ ಕಟ್ಟಿದ ವ್ಯವಸ್ಥೆ ಇದು ಅನ್ನುವುದು ನನಗೆ ದೊಡ್ಡ ವಿಷಯ. ಮೇಲಾಗಿ ಅದು ಮುಕ್ತ ತಂತ್ರಾಂಶ. ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ, ನಿಮ್ಮ ಕಾಲೇಜಿನದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬಹುದು. ಗೂಗಲ್ ಕ್ಲಾಸ್‌ರೂಮ್ ಬಂದದ್ದು 2014ರಲ್ಲಿ. ಅದು ಇನ್ನೂ ಸುಲಭ. ಆದರೆ ನಾನು ಮುಂದೆ ಹೇಳುವ ಕೆಲಸಕ್ಕೆ ಮೂಡಲ್‌ನಲ್ಲಿ ಅವಕಾಶ ಜಾಸ್ತಿ, ಅದಕ್ಕೇ ಅದನ್ನು ಹಿಡಿದು ಮಾತಾಡುತ್ತೇನೆ.

ಹೊಸದಾಗಿ ಲಾಗಿನ್ ಸಿಕ್ಕ ಶಿಕ್ಷಕರು ಮೊದಲು ಏನು ಮಾಡುತ್ತಾರೆ? ಇಡೀ ವರ್ಷದ ನೋಟ್ಸ್ ಪಿಡಿಎಫ್ ಮಾಡಿ ಸಾಲಾಗಿ ಹಾಕುತ್ತಾರೆ. ಕೆಳಗೆ ನಾಲ್ಕು ಯೂಟ್ಯೂಬ್ ಲಿಂಕ್. ಅಲ್ಲಿಗೆ ಮುಗಿಯಿತು. ಇಷ್ಟೇ ಆದರೆ ವಾಟ್ಸ್ಆ್ಯಪ್ ಗುಂಪು ಸಾಕಿತ್ತಲ್ವಾ? ಪಿಡಿಎಫ್ ಓದಿದ ಮಗುವಿಗೆ ತನಗೆ ಅರ್ಥ ಆಯ್ತಾ ಇಲ್ವಾ ಅಂತ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಅದಕ್ಕೇ ನನ್ನ ಸಲಹೆ ಒಂದೇ. ನೋಟ್ಸಿನಿಂದ ಶುರು ಮಾಡಬೇಡಿ, ವಿಡಿಯೊದಿಂದಂತೂ ಬೇಡವೇ ಬೇಡ. ನಿಮ್ಮ ಮಕ್ಕಳು ಪ್ರತಿ ವರ್ಷ ಕೊಡುವ ಒಂದು ತಪ್ಪು ಉತ್ತರ ತೆಗೆದುಕೊಳ್ಳಿ. ಅದರ ಸುತ್ತ ಒಂದೇ ಒಂದು ಪ್ರಶ್ನೆ ಮಾಡಿ.

ಒಂದು ಉದಾಹರಣೆ ಪೂರ್ತಿ ಬಿಡಿಸಿ ತೋರಿಸುತ್ತೇನೆ. ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠದಲ್ಲಿ ಸ್ಥಾನಪಲ್ಲಟ ಕ್ರಿಯೆ, ಅಂದರೆ ಒಂದು ಲೋಹ ಇನ್ನೊಂದನ್ನು ಅದರ ದ್ರಾವಣದಿಂದ ಹೊರಗೆ ತಳ್ಳುವ ಕ್ರಿಯೆ ಬರುತ್ತದೆ. ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಟ್ಟರೆ ಮೊಳೆ ಮೇಲೆ ಕಂದು ಬಣ್ಣದ ಲೇಪ ಕೂರುತ್ತದೆ. ಮಕ್ಕಳು ಸಮೀಕರಣ ಬಾಯಿಪಾಠ ಮಾಡುತ್ತಾರೆ. ಆದರೆ ಆ ಲೇಪ ಏನು ಅಂತ ಕೇಳಿ ನೋಡಿ, ‘ತುಕ್ಕು ಸಾರ್’ ಅನ್ನುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಇದೇ ಕ್ರಿಯೆ ನಮ್ಮ ತೋಟಗಳಲ್ಲಿ ಪ್ರತಿ ಮಳೆಗಾಲದ ಮುಂಚೆ ನಡೆಯುತ್ತದೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ ಕೂಡಿಸಿದರೆ 100 ಲೀಟರ್ ಶೇಕಡಾ 1ರ ದ್ರಾವಣ. ಹದ ನೋಡುವುದಕ್ಕೆ ಹಳಬರು ಕಬ್ಬಿಣದ ಚಾಕು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಹಾಕುತ್ತಾರೆ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟೇ. ಮಕ್ಕಳು ಇದನ್ನು ಮನೆಯಲ್ಲಿ ನೋಡಿರುತ್ತಾರೆ, ಆದರೆ ಪುಸ್ತಕದ ಮೊಳೆಗೂ ಅಪ್ಪನ ಚಾಕುವಿಗೂ ಸಂಬಂಧ ಇದೆ ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಈಗ ಪ್ರಶ್ನೆ ಮಾಡೋಣ. ‘ಬೋರ್ಡೋ ದ್ರಾವಣದಲ್ಲಿ ಒಂದು ನಿಮಿಷ ಅದ್ದಿದ ಚಾಕುವಿನ ಮೇಲೆ ಕೆಂಪು ಲೇಪ ಕಂಡಿತು. ಅದು ಏನು?’ ಆಯ್ಕೆಗಳು ಮೂರು: ತುಕ್ಕು, ತಾಮ್ರ, ಸುಣ್ಣದ ಕಸ. ನಾಲ್ಕನೇ ಆಯ್ಕೆ ಇರಲೇಬೇಕು ಅಂತ ಸುಮ್ನೆ ಏನಾದರೂ ತುಂಬಬೇಡಿ. ಯಾವ ಮಗುವೂ ಆರಿಸದ ಆಯ್ಕೆಯಿಂದ ಯಾರಿಗೂ ಉಪಯೋಗ ಇಲ್ಲ.

ಮೂಡಲ್‌ನಲ್ಲಿ ಪ್ರತಿ ಆಯ್ಕೆಯ ಕೆಳಗೆ ಒಂದು ಖಾಲಿ ಜಾಗ ಇರುತ್ತದೆ. ಆ ಆಯ್ಕೆ ಒತ್ತಿದ ಮಗುವಿಗೆ ಮಾತ್ರ ಕಾಣುವ ಮಾತು ಬರೆಯುವ ಜಾಗ ಅದು. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ, ಇಲ್ಲವೇ ‘ತಪ್ಪು, ಮತ್ತೆ ಪ್ರಯತ್ನಿಸಿ’ ಅಂತ ಬರೆದು ಮುಂದೆ ಹೋಗುತ್ತಾರೆ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಶಿಕ್ಷಕರಿಗೆ ಅತಿ ಮುಖ್ಯವಾದ ಜಾಗ ಅದೇ. ತುಕ್ಕು ಅಂದ ಮಗುವಿಗೆ ಹೀಗೆ ಬರೆಯಿರಿ: ‘ತುಕ್ಕು ಹಿಡಿಯಲು ಗಾಳಿ, ನೀರು, ಸಾಕಷ್ಟು ಸಮಯ ಬೇಕು. ಇಲ್ಲಿ ಒಂದೇ ನಿಮಿಷಕ್ಕೆ ಲೇಪ ಬಂತು. ಬರೀ ನೀರಿನಲ್ಲಿ ಅದ್ದಿದ್ದರೆ ಬರುತ್ತಿತ್ತಾ? ದ್ರಾವಣದಲ್ಲಿ ಯಾವ ಲೋಹ ಇದೆ ಯೋಚಿಸು.’ ಉತ್ತರ ಹೇಳಿಬಿಡಬೇಡಿ, ಒಂದು ಹೆಜ್ಜೆ ಹತ್ತಿರ ಕರೆದುಕೊಂಡು ಬನ್ನಿ. ತಾಮ್ರ ಅಂದ ಮಗುವಿಗೂ ಬರೀ ‘ಸರಿ’ ಅಂದರೆ ಸಾಲದು, ಏಕೆಂದರೆ ಅದು ಅಂದಾಜಿನ ಮೇಲೂ ಒತ್ತಿರಬಹುದು. ‘ಸರಿ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಅದಕ್ಕೇ ತಾಮ್ರವನ್ನು ಹೊರಗೆ ತಳ್ಳಿತು. ಹಾಗಾದರೆ ಸುಣ್ಣ ಜಾಸ್ತಿ ಹಾಕಿದಾಗ ಲೇಪ ಏಕೆ ಬರುವುದಿಲ್ಲ?’ ಅಂತ ಮುಂದಿನ ತರಗತಿಗೆ ಒಂದು ಎಳೆ ಬಿಡಿ.

ಮೂವತ್ತೈದು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರ ಪಕ್ಕ ಕೂತು ಈ ಮಾತು ಹೇಳಲು ನಮಗೆ ಸಮಯ ಇಲ್ಲ. ಇಲ್ಲಿ ಒಮ್ಮೆ ಬರೆದರೆ ಪ್ರತಿ ಮಗುವಿಗೂ ಅದರ ತಪ್ಪಿಗೆ ತಕ್ಕ ಮಾತು ಸಿಗುತ್ತದೆ. ಅಷ್ಟೇ ಅಲ್ಲ, ಯಾವ ಆಯ್ಕೆಯನ್ನು ಎಷ್ಟು ಮಕ್ಕಳು ಆರಿಸಿದರು ಅನ್ನುವುದು ಕ್ವಿಜ್‌ನ ವರದಿಯಲ್ಲಿ ಸಿಗುತ್ತದೆ. ಅರ್ಧ ತರಗತಿ ತುಕ್ಕು ಅಂದಿದ್ದರೆ ನಾಳೆ ಬೆಳಿಗ್ಗೆ ಮೊದಲ ಹತ್ತು ನಿಮಿಷ ಏನು ಪಾಠ ಮಾಡಬೇಕು ಅಂತ ನಿಮಗೆ ಗೊತ್ತು. ಅಂಕಕ್ಕಿಂತ ನನಗೆ ಈ ಪಟ್ಟಿ ಮುಖ್ಯ.

ಇನ್ನು ಮಳೆ, ಸಿಗ್ನಲ್. ಮಳೆ ರಜೆ ಕೊಟ್ಟ ದಿನ ಮಗು ಮನೆಯಲ್ಲಿದೆ, ಆನ್‌ಲೈನ್‌ನಲ್ಲಿ ಏನಾದರೂ ಮಾಡಿಸೋಣ ಅನಿಸುತ್ತದೆ. ಆದರೆ ಅಂಥ ದಿನವೇ ಕರೆಂಟ್ ಹೋಗಿರುತ್ತದೆ, ಟವರ್ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಇರುವುದಿಲ್ಲ. ಹಾಗಾಗಿ ಸಿಗ್ನಲ್ ಇದ್ದಾಗಲೇ ಇಳಿಸಿಕೊಂಡು, ಇಲ್ಲದಾಗ ಮಾಡಿ, ಮತ್ತೆ ಬಂದಾಗ ಕಳಿಸುವ ಹಾಗೆ ಇರಬೇಕು. ಮೂಡಲ್ ಮೊಬೈಲ್ ಆ್ಯಪ್‌ನಲ್ಲಿ ಇದು ಸಾಧ್ಯ. ಆದರೆ ಕ್ವಿಜ್‌ಗೆ ಕೆಲವು ಷರತ್ತು ಇವೆ, ಗಮನ ಇಟ್ಟು ಕೇಳಿ. ಆಫ್‌ಲೈನ್‌ನಲ್ಲಿ ಮಾಡಲು ಬಿಡುವ ಒಂದು ಸೆಟ್ಟಿಂಗ್ ಇದೆ, ಅದನ್ನು ನೀವೇ ಆನ್ ಮಾಡಬೇಕು. ಸಮಯದ ಮಿತಿ ಹಾಕಿದ್ದರೆ ಆಫ್‌ಲೈನ್ ನಡೆಯುವುದಿಲ್ಲ. ಉತ್ತರ ಒತ್ತಿದ ತಕ್ಷಣ ಮಾತು ಕಾಣಿಸುವ ಬಗೆಯನ್ನು ಆರಿಸಿದ್ದರೂ ನಡೆಯುವುದಿಲ್ಲ. ಎಲ್ಲ ಮುಗಿಸಿ ಸಲ್ಲಿಸಿದ ಮೇಲೆ ಮಾತು ಕಾಣಿಸುವ ಬಗೆಯನ್ನೇ ಆರಿಸಬೇಕು. ತಕ್ಷಣದ ಮಾತು ಮಗುವಿಗೆ ಒಳ್ಳೆಯದು, ನಿಜ. ಆದರೂ ಮಡೆನೂರು, ತುಮರಿ, ನಿಟ್ಟೂರು ಕಡೆಯ ಮಕ್ಕಳಿಗೆ ನಾನು ತಡವಾಗಿ ಬರುವ ಮಾತನ್ನೇ ಆರಿಸುತ್ತೇನೆ. ಪ್ರಶ್ನೆಯೇ ತೆರೆಯದಿದ್ದರೆ ತಕ್ಷಣದ ಮಾತಿಗೆ ಅರ್ಥ ಏನು?

ಇನ್ನೊಂದು, ಫೋನ್ ಮಗುವಿನದಲ್ಲ. ಅದು ಹಗಲೆಲ್ಲ ಅಪ್ಪನ ಜೇಬಿನಲ್ಲಿ ತೋಟದಲ್ಲೋ ಪೇಟೆಯಲ್ಲೋ ಇರುತ್ತದೆ. ಮನೆಗೆ ಬರುವುದು ರಾತ್ರಿ, ಅದರಲ್ಲೂ ಅಣ್ಣ ತಂಗಿ ಸರದಿ. ಸಂಜೆ ನಾಲ್ಕಕ್ಕೆ ಗಡುವು ಇಟ್ಟರೆ ಶ್ರದ್ಧೆ ಇರುವ ಮಗುವೂ ‘ತಡ’ ಅನಿಸಿಕೊಳ್ಳುತ್ತದೆ. ಗಡುವಿಗೆ ಒಂದು ಭಾನುವಾರ ಸೇರಿಸಿ ಇಡಿ. ವಿವರಣೆ ಬೇಕೇ ಬೇಕು ಅನಿಸಿದರೆ ಧ್ವನಿಯಲ್ಲಿ ಕೊಡಿ. 32 ಕೆಬಿಪಿಎಸ್‌ನಲ್ಲಿ ಉಳಿಸಿದ ಐದು ನಿಮಿಷದ ಧ್ವನಿ 1.2 ಎಂಬಿ ಮಾತ್ರ. ಅಷ್ಟೇ ಹೊತ್ತಿನ ವಿಡಿಯೊ ಹತ್ತಾರು ಎಂಬಿ ತಿನ್ನುತ್ತದೆ, ಅದು ಹೋಗುವುದು ಆ ಮನೆಯ ಆ ದಿನದ ಡೇಟಾದಿಂದಲೇ.

ಕನ್ನಡದ್ದೇ ಎರಡು ತೊಡಕು ಹೇಳಿಬಿಡುತ್ತೇನೆ, ಏಕೆಂದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲ. ನಿಮ್ಮಲ್ಲಿ ಹಲವರ ಹಳೆಯ ಪ್ರಶ್ನೆಪತ್ರಿಕೆಗಳು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಇರುತ್ತವೆ. ಅದನ್ನು ಕಾಪಿ ಮಾಡಿ ಹಾಕಿದರೆ ಪರದೆ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ವೆಬ್‌ಸೈಟ್ ಹಾಳಾಗಿಲ್ಲ, ಗಾಬರಿ ಬೇಡ. ಆ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳಿಗೂ ಗೊತ್ತಿರುವ ಅಕ್ಷರ ಸಂಕೇತದಲ್ಲಿ ಇಲ್ಲ, ಅಷ್ಟೇ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಯೂನಿಕೋಡ್‌ಗೆ ಬದಲಿಸಿ ಹಾಕಿ, ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಇದೆಯಾ ಅಂತ ಒಮ್ಮೆ ಓದಿ ನೋಡಿ.

ಎರಡನೆಯದು ಕಿರು ಉತ್ತರದ ಪ್ರಶ್ನೆ. ‘ಶರಾವತಿಗೆ ಕಟ್ಟಿದ ದೊಡ್ಡ ಅಣೆಕಟ್ಟು ಯಾವುದು?’ ಅಂತ ಕೇಳಿ ಸರಿ ಉತ್ತರ ‘ಲಿಂಗನಮಕ್ಕಿ’ ಅಂತ ಇಟ್ಟಿದ್ದೀರಿ. ಮಗು ‘ಲಿಂಗನಮಕ್ಕಿ ಅಣೆಕಟ್ಟು’ ಅಂತ ಬರೆದರೆ ಯಂತ್ರ ಸೊನ್ನೆ ಕೊಡುತ್ತದೆ. ಎಂಥ ಅನ್ಯಾಯ! ಉತ್ತರದ ಹಿಂದೆ ಮುಂದೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿದರೆ ಅಕ್ಕಪಕ್ಕ ಏನೇ ಪದ ಇದ್ದರೂ ಒಪ್ಪಿಕೊಳ್ಳುತ್ತದೆ. ಆದರೂ ಕಾಗುಣಿತ ಒಂದು ಚೂರು ತಪ್ಪಿದರೆ ಮತ್ತೆ ಸೊನ್ನೆಯೇ. ಶುರುವಿನಲ್ಲಿ ಕನ್ನಡದ ಕಿರು ಉತ್ತರಗಳನ್ನು ಯಂತ್ರದ ಕೈಗೆ ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮಗು ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ತೆಗೆದು ಕಳಿಸಲಿ, ನೀವೇ ಓದಿ.

ಭಯ ಇರುವವರಿಗೆ ಒಂದು ಜಾಗ ತೋರಿಸುತ್ತೇನೆ. ಮೂಡಲ್‌ನವರೇ ನಡೆಸುವ ಸ್ಯಾಂಡ್‌ಬಾಕ್ಸ್ ಅನ್ನುವ ಡೆಮೊ ತಾಣ ಇದೆ. ಅಲ್ಲಿ ಶಿಕ್ಷಕರಾಗಿ ಒಳಗೆ ಹೋಗಿ ಏನು ಬೇಕಾದರೂ ಒತ್ತಿ, ಅಳಿಸಿ, ಕೆಡಿಸಿ. ಗಂಟೆಗೊಮ್ಮೆ ಎಲ್ಲ ಮೊದಲಿನಂತೆ ಆಗುತ್ತದೆ. ಮಕ್ಕಳ ನಿಜವಾದ ಹೆಸರು, ಫೋನ್ ನಂಬರ್ ಮಾತ್ರ ಅಲ್ಲಿ ಹಾಕಬೇಡಿ. ಪ್ರಶ್ನೆ ಮಾಡಿದ ಮೇಲೆ ವಿದ್ಯಾರ್ಥಿಯಾಗಿ ಲಾಗಿನ್ ಆಗಿ, ಅದೂ ಕಂಪ್ಯೂಟರ್‌ನಲ್ಲಲ್ಲ, ಮನೆಯಲ್ಲಿರುವ ಅತಿ ಹಳೆಯ ಫೋನಿನಲ್ಲಿ ತೆರೆದು ನೋಡಿ. ಚಿತ್ರ ಪರದೆಯಿಂದ ಆಚೆ ಹೋಗುತ್ತದಾ, ಅಕ್ಷರ ಓದಲು ಬರುತ್ತದಾ ಅಂತ ಅಲ್ಲೇ ತಿಳಿಯುತ್ತದೆ.

ಊಟ ಆದ ಮೇಲೆ ಎರಡು ಗಂಟೆಗೆ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೂರೋಣ. ಅಷ್ಟರೊಳಗೆ ಒಂದು ಚೀಟಿಯಲ್ಲಿ ನಿಮ್ಮ ವಿಷಯದಲ್ಲಿ ಮಕ್ಕಳು ಮತ್ತೆ ಮತ್ತೆ ಕೊಡುವ ಒಂದು ತಪ್ಪು ಉತ್ತರ, ಆ ಮಗು ಪಕ್ಕದಲ್ಲೇ ಇದ್ದರೆ ನೀವು ಏನು ಹೇಳುತ್ತಿದ್ದಿರಿ ಅನ್ನುವ ಎರಡು ಸಾಲು, ಇಷ್ಟು ಬರೆದು ತನ್ನಿ. ಲ್ಯಾಬ್‌ನಲ್ಲಿ ಕರೆಂಟ್ ಹೋದರೆ ಜನರೇಟರ್ ಇದೆ. ಈಗ ಪ್ರಶ್ನೆಗಳಿದ್ದರೆ ಕೇಳಿ.