ನೀಚ ಎಂಬ ಒಂದು ಮಾತು

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲ, ಶಿರಸಿ ಕಡೆಯ ತಾಯಿಯೊಬ್ಬರು ಮಗಳ ಜಾತಕ ಹಿಡಿದು ಮನೆಗೆ ಬಂದಿದ್ದರು. ನೆನೆಯದಂತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ್ದ ಹಾಳೆ. ಮೂಲೆಗಳಿಗೆ ಅರಿಶಿನ. ವೃಶ್ಚಿಕದ ಮನೆಯಲ್ಲಿದ್ದ ಚಂದ್ರನ ಸುತ್ತ ಮಾತ್ರ ಯಾರೋ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು.

"ಭಟ್ರೇ, ಕೂಸಿಗೆ ಚಂದ್ರ ನೀಚ ಅಡ. ಗಂಡಿನ ಕಡೆಯಿಂದ ಬ್ಯಾಡ ಹೇಳಿ ಸುದ್ದಿ ಬಂತು."

ಆ ಒಂದು ಶಬ್ದಕ್ಕೆ ಸಂಬಂಧವೇ ಮುರಿದಿತ್ತು. ನನಗೆ ತುಂಬ ಸಂಕಟವಾಯಿತು.

ಜ್ಯೋತಿಷ್ಯದಲ್ಲಿ ನೀಚ ಎಂಬುದು ಬೈಗುಳವಲ್ಲ. ಗ್ರಹ ತನಗೆ ಅತಿ ಹೆಚ್ಚು ಬಲವಿರುವ ಉಚ್ಚ ರಾಶಿಯಿಂದ ಏಳನೆಯದಕ್ಕೆ ಇಳಿದಿದೆ ಎಂಬ ಲೆಕ್ಕ. ರವಿಗೆ ಮೇಷ ಉಚ್ಚ, ತುಲೆ ನೀಚ. ಗುರುವಿಗೆ ಕರ್ಕ ಉಚ್ಚ, ಮಕರ ನೀಚ. ಬಲ ಕುಂದಿದ ಗ್ರಹ ತನ್ನ ಕಾರಕತ್ವವನ್ನು, ಅಂದರೆ ತಾನು ಕೊಡಬೇಕಾದ ಫಲವನ್ನು, ಪೂರ್ತಿ ಕೊಡಲಾರದು ಎನ್ನುತ್ತದೆ ಶಾಸ್ತ್ರ. ರವಿಯಾದರೆ ಆತ್ಮವಿಶ್ವಾಸ, ತಂದೆಯ ಆಸರೆ. ಗುರುವಾದರೆ ವಿವೇಕ, ಸಂತಾನ. ಚಂದ್ರನಾದರೆ ಮನಸ್ಸು, ತಾಯಿ. ಅದೂ ಮುಖ್ಯವಾಗಿ ಆಯಾ ಗ್ರಹದ ದಶೆ, ಭುಕ್ತಿಗಳಲ್ಲಿ, ಅಂದರೆ ಆ ಗ್ರಹದ ಪ್ರಭಾವ ನಡೆಯುವ ಅವಧಿಗಳಲ್ಲಿ.

ಚಂದ್ರ ಪ್ರತಿ ಸುತ್ತಿನಲ್ಲೂ ಸುಮಾರು ಎರಡೂಕಾಲು ದಿನ ವೃಶ್ಚಿಕದಲ್ಲಿರುತ್ತಾನೆ. ಆಗ ಹುಟ್ಟಿದವರೆಲ್ಲರಿಗೂ ಚಂದ್ರ ನೀಚನೇ. ಎಲ್ಲರಿಗೂ ಒಂದೇ ಫಲವೇ? ಪರಮ ನೀಚ, ಅಂದರೆ ಬಲ ಅತಿ ಕಡಿಮೆಯಾಗುವ ಬಿಂದು, ಇರುವುದು ವೃಶ್ಚಿಕದ 3ನೇ ಡಿಗ್ರಿಯಲ್ಲಿ, ವಿಶಾಖಾ ನಕ್ಷತ್ರದ 4ನೇ ಪಾದದಲ್ಲಿ. ಈ ಹುಡುಗಿಯದು ವೃಶ್ಚಿಕದ ಕೊನೆಯ ಭಾಗದ ಜ್ಯೇಷ್ಠಾ ನಕ್ಷತ್ರ. ಚಂದ್ರ ಆ ತಳ ದಾಟಿ ಉಚ್ಚದ ಕಡೆಗೆ ಹೊರಟಿದ್ದ. ಹುಟ್ಟಿದ್ದು ಕಾರಹುಣ್ಣಿಮೆಯ ರಾತ್ರಿ, ಅಂದರೆ ಪಕ್ಷಬಲ ತುಂಬಿದ ಪೂರ್ಣಚಂದ್ರ! ಅವನ ಉಚ್ಚ ರಾಶಿಯಾದ ವೃಷಭದ ಒಡೆಯ ಶುಕ್ರ ಸ್ವಂತ ಮನೆಯಲ್ಲೇ ಕೂತು ಎದುರಿನಿಂದ ನೋಡುತ್ತಿದ್ದ. ಉಚ್ಚ ರಾಶಿಯ ಒಡೆಯ ಚಂದ್ರನಿಂದ ಕೇಂದ್ರದಲ್ಲಿ, ಅಂದರೆ 1, 4, 7 ಅಥವಾ 10ನೇ ಮನೆಯಲ್ಲಿ ಇದ್ದರೆ ಅದು ನೀಚಭಂಗ, ನೀಚದ ದೋಷ ಮುರಿದಂತೆ. ಗೆರೆ ಎಳೆದವರು ತಿಥಿಯನ್ನಾದರೂ ನೋಡಬೇಕಿತ್ತು.

ಇನ್ನೊಂದು ಮಾತು. ನಮ್ಮ ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಅಮಾವಾಸ್ಯೆ ಬರುವುದೇ ರವಿ ತುಲೆಯಲ್ಲಿ ನೀಚನಾಗಿರುವಾಗ. ಆ ದಿನ ನಾವು ದೀಪ ಹಚ್ಚುತ್ತೇವೆ, ಗೋಪೂಜೆಗೆ ಅಣಿಯಾಗುತ್ತೇವೆ. ಅಶುಭವೆಂದು ಬಾಗಿಲು ಹಾಕಿಕೊಳ್ಳುವವರನ್ನು ನಾನು ಕಂಡಿಲ್ಲ.

ತಾಯಿಗೆ ಇದ್ದದ್ದನ್ನೇ ಹೇಳಿದೆ. ಮಗಳು ಸಣ್ಣ ಮಾತನ್ನೂ ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡಾಳು, ಒಳಗೊಳಗೇ ಕೊರಗಿಯಾಳು. ಈ ಸುದ್ದಿಯನ್ನು ಅವಳ ಕಿವಿಗೆ ಹಾಕಬೇಡಿ ಎಂದೆ.

"ಹಂಗಾರೆ ನೀಚ ಅಲ್ದಾ?"

"ನೀಚವೇ ತಂಗೀ, ಆದರೆ ಭಂಗವಾಗಿದೆ."

"ಅದನ್ನ ಇಲ್ಲೇ ಬರೆದು ಕೊಡಿ ಭಟ್ರೇ" ಎಂದು ಅವರು ಹಾಳೆಯನ್ನು ನನ್ನತ್ತ ಸರಿಸಿದರು. ಕೆಂಪು ಗೆರೆಯ ಕೆಳಗೆ 'ನೀಚಭಂಗ' ಎಂದು ಬರೆದು, ದಿನಾಂಕ ಹಾಕಿ ಕೊಟ್ಟೆ.