ತೇರಿಗೆ ತಡೆ ಕೊಡುವವನು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಖಾಕಿ ತೊಟ್ಟು ಕೂತಿರೋ ಎನ್.ಸಿ.ಸಿ. ಮಕ್ಕಳೇ, ಬೆನ್ನು ಸ್ವಲ್ಪ ಸಡಿಲ ಬಿಡ್ರಪ್ಪಾ, ನಾನೇನೂ ಪೆರೇಡ್ ತಗೊಳಲ್ಲ.

‘ಬಾಹ್ಯಾಕಾಶದಲ್ಲಿ ಸೈನಿಕ’ ಅಂತ ವಿಷಯ ಕೊಟ್ಟಿದ್ದಾರೆ. ಹಾಗಂದ ಕೂಡಲೇ ನಮಗೆ ರಾಕೆಟ್ಟಿನ ತುದಿಯಲ್ಲಿ ಕೂತವರೇ ನೆನಪಾಗೋದು. 1984ರಲ್ಲಿ ರಾಕೇಶ್ ಶರ್ಮಾ, 2025ರಲ್ಲಿ ಶುಭಾಂಶು ಶುಕ್ಲಾ. ಅವರ ವಿಚಾರ ನಿಮಗೇ ಚೆನ್ನಾಗಿ ಗೊತ್ತು. ನಾನು ಕೆಳಗೆ ನಿಂತಿದ್ದ ಒಬ್ಬರ ಕತೆ ಹೇಳ್ತೀನಿ. ರಾಕ್ಕೊ ಪೆಟ್ರೋನ್. ಅಮೆರಿಕದ ಭೂಸೇನೆಯ ಲೆಫ್ಟಿನೆಂಟ್ ಕರ್ನಲ್.

ಅದಕ್ಕೆ ಮೊದಲು ನನ್ನ ದೊಡ್ಡಪ್ಪ. ಇಲ್ಲಿರೋ ಹಳಬರು ಈ ಕತೆ ಕೇಳಿದ್ದೀರಿ, ಇನ್ನೊಂದು ಸಲ ಸಹಿಸ್ಕೊಳ್ಳಿ. ಸಿದ್ಧಗಂಗೆ ತೇರು ನೋಡದವರು ಈ ಹಾಲ್‌ನಲ್ಲಿ ಯಾರೂ ಇಲ್ಲ. ಹಗ್ಗ ಎಳೆಯೋರು ಸಾವಿರ ಜನ. ಚಕ್ರದ ಪಕ್ಕ ಬಗ್ಗಿಕೊಂಡು, ಮರದ ತುಂಡು ಕೊಟ್ಟು ತೇರನ್ನು ತಿರುಗಿಸೋರು, ನಿಲ್ಲಿಸೋರು ನಾಲ್ಕೇ ಜನ. ನಮ್ಮೂರ ತೇರಿಗೆ ಆ ಕೆಲಸ ದೊಡ್ಡಪ್ಪನದು. ಅವರ ಕಣ್ಣೆಲ್ಲ ಚಕ್ರದ ಮೇಲೆ, ತೇರಿನ ದಿನ ದೇವರ ಮುಖ ನೋಡಿದವರೇ ಅಲ್ಲ. ಒಂದು ವರ್ಷ ಬೀದಿ ಮಧ್ಯೆ ದಬಕ್ಕಂತ ತುಂಡು ಕೊಟ್ಟು ನಿಲ್ಲಿಸಿಬಿಟ್ಟರು. ‘ಅಚ್ಚು ಕಿರ್ ಅಂತು’ ಅಂದರು. ಬಗ್ಗಿ ನೋಡಿದರೆ ಏನೂ ಇಲ್ಲ. ಬಾಳೆಹಣ್ಣು ದವನ ಹಿಡಿದು ನಿಂತೋರೆಲ್ಲ ಬೈದರು, ಮುಹೂರ್ತ ಮೀರಿತು ಅಂತ ಪಟೇಲರು ಕೂಗಾಡಿದರು. ದೊಡ್ಡಪ್ಪ ಬೀಡಿ ಹಚ್ಚಿ, ‘ಏನೂ ಇಲ್ದಿದ್ರೆ ಒಳ್ಳೇದೇ ಆಯ್ತಲ್ಲ’ ಅಂದರು. ಮುಂದಿನ ವರ್ಷ ಮತ್ತೆ ನಿಲ್ಲಿಸಿದರು! ಆಗಲೂ ಏನೂ ಇರಲಿಲ್ಲ.

ಈಗ ಪೆಟ್ರೋನ್. ಇಟಲಿಯಿಂದ ವಲಸೆ ಬಂದವರ ಮಗ. ವೆಸ್ಟ್ ಪಾಯಿಂಟ್‌ನಲ್ಲಿ ಸೇನಾ ಶಿಕ್ಷಣ, ಅಲ್ಲಿ ಫುಟ್‌ಬಾಲ್, ಅದೂ ನಮ್ಮದಲ್ಲ, ಗುದ್ದಾಡೋ ಫುಟ್‌ಬಾಲ್. ಆಮೇಲೆ ಎಂಐಟಿಯಲ್ಲಿ ಮೆಕ್ಯಾನಿಕಲ್. ರೆಡ್‌ಸ್ಟೋನ್ ಕ್ಷಿಪಣಿಯಲ್ಲಿ ಕೈ ಪಳಗಿತು. 1960ರಲ್ಲಿ ಸೇನೆ ಅವರನ್ನು ನಾಸಾಕ್ಕೆ ಎರವಲು ಕೊಟ್ಟಿತು. ಚಂದ್ರನಿಗೆ ಹೋಗೋ ರಾಕೆಟ್ಟಿಗೆ ಫ್ಲೋರಿಡಾದಲ್ಲಿ ನೆಲೆ ಕಟ್ಟಿಸೋ ಹೊಣೆ ಅವರ ಮೇಲೆ ಬಿತ್ತು.

ಆ ಚಂದ್ರನ ರಾಕೆಟ್ಟೇ ಸ್ಯಾಟರ್ನ್-5. 110 ಮೀಟರ್ ಎತ್ತರ. ಅದನ್ನು ಕಟ್ಟಡದೊಳಗೆ ನಿಲ್ಲಿಸಿ ಜೋಡಿಸಿ, ನಿಂತ ಹಾಗೇ ಐದೂವರೆ ಕಿಲೋಮೀಟರ್ ಸಾಗಿಸಬೇಕು. ಅದೂ ತೇರೇ ತಾನೆ? ಆ ತೇರಿಗೆ ‘ಕ್ರಾಲರ್’ ಅಂತ ಹೆಸರು. ಎಂಟು ಸರಪಳಿ ಪಟ್ಟಿ, ಒಂದೊಂದು ಪಟ್ಟಿಯಲ್ಲಿ 57 ಉಕ್ಕಿನ ಹಲಗೆ, ಒಂದೊಂದು ಹಲಗೆ ಸುಮಾರು ಒಂದು ಟನ್. ಭಾರ ಹೊತ್ತಾಗ ವೇಗ ಗಂಟೆಗೆ 1.6 ಕಿಲೋಮೀಟರ್. ನಮ್ಮ ತೇರೇ ವಾಸಿ! 1965ರ ಜುಲೈಯಲ್ಲಿ ಉಡಾವಣಾ ಗೋಪುರ ಹೇರಿ ಓಡಿಸಿ ನೋಡಿದರು. ಹಿಂದೆ ದಾರಿಯಲ್ಲಿ ನೋಡ್ತಾರೆ, ಲೋಹದ ಚೂರು ಬಿದ್ದಿವೆ. ರೋಲರ್ ಬೇರಿಂಗ್ ಪುಡಿಯಾಗಿತ್ತು. ಚಂದ್ರನ ಗಡುವು ತಲೆ ಮೇಲೆ, ಆದರೂ ಕೆಲಸ ನಿಲ್ಲಿಸಿದರು. ಬೇರಿಂಗ್ ಕಿತ್ತು ಬುಷ್ ಹಾಕಿದರು. ನಮ್ಮ ಅಂತರಸನಹಳ್ಳಿ ಕಡೆಯ ಯಾವ ಮೆಕ್ಯಾನಿಕ್ ಆದರೂ ಇದಕ್ಕೆ ತಲೆಯಾಡಿಸ್ತಾನೆ. 1966ರ ಮೇ 25ರಂದು ಆ ತೇರು ಪರೀಕ್ಷಾ ರಾಕೆಟ್ ಹೊತ್ತು ನೆಟ್ಟಗೆ ಹೊರಬಂತು.

ಅದೇ ವರ್ಷ ಸೇನೆಯಿಂದ ನಿವೃತ್ತರಾಗಿ ಪೆಟ್ರೋನ್ ಉಡಾವಣಾ ನಿರ್ದೇಶಕರಾದರು. 1967ರಲ್ಲಿ ಅಪೊಲೊ-4, ಅಂದರೆ ಸ್ಯಾಟರ್ನ್-5ರ ಮೊದಲ ಹಾರಾಟ, ಅದರ ಕೌಂಟ್‌ಡೌನ್ ತಾಲೀಮು ಒಂದು ವಾರದೊಳಗೆ ಮುಗೀಬೇಕಿತ್ತು, ಎರಡು ವಾರ ದಾಟಿತು. ತಡ, ತಡ, ಬರೀ ತಡ. ನವೆಂಬರ್ 9ರಂದು ರಾಕೆಟ್ ಏರಿದಾಗ ದೂರದಲ್ಲಿದ್ದ ಟಿವಿ ವರದಿಗಾರರ ಕೋಣೆ ಅಲ್ಲಾಡಿತು. ಶುಕ್ಲಾ ಅವರ ಉಡಾವಣೆಯೂ ಆಕ್ಸಿಜನ್ ಸೋರಿಕೆ ಅಂತ ಮುಂದೆ ಹೋದಾಗ ‘ಮತ್ತೆ ಪೋಸ್ಟ್‌ಪೋನಾ?’ ಅಂತ ಗೊಣಗಿದೋರು ಇಲ್ಲೇ ಎಷ್ಟು ಜನ ಇದ್ದೀರಿ? ನಾನೂ ಗೊಣಗಿದ್ದೆ, ದೊಡ್ಡಪ್ಪನ ಮರೆತು.

ಅಧ್ಯಕ್ಷರಿಂದ ಚೀಟಿ ಬಂತು, ಎರಡೇ ನಿಮಿಷವಂತೆ. ಅಪೊಲೊ-11 ಬಿಡ್ತೀನಿ, ನಿಮಗೆ ಗೊತ್ತಿರೋದೇ. ನಮ್ಮ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಜಾಗ ಇಸ್ರೋ ಪಾಲಾದದ್ದರ ಬಗ್ಗೆ ಎರಡು ಮಾತು ಬರ್ಕೊಂಡಿದ್ದೆ, ಅದೂ ಬಿಡ್ತೀನಿ. ಇದೊಂದು ಬಿಡಲ್ಲ.

1986ರ ಜನವರಿ 28. ಪೆಟ್ರೋನ್ ಆಗ ಶಟಲ್, ಅಂದರೆ ಬಾಹ್ಯಾಕಾಶಕ್ಕೆ ಹೋಗಿ ಬರೋ ನೌಕೆ, ತಯಾರಿಸಿದ ರಾಕ್‌ವೆಲ್ ಕಂಪನಿಯಲ್ಲಿದ್ದರು. ಚಾಲೆಂಜರ್ ಅನ್ನೋ ಶಟಲ್ ನಿಂತ ಗೋಪುರದ ತುಂಬ ಮಂಜುಗಡ್ಡೆ ಬಿಳಲಿನ ಹಾಗೆ ಜೋತಾಡ್ತಿತ್ತು. ಇದು ಸುರಕ್ಷಿತ ಅಂತ ನಾವು ಭರವಸೆ ಕೊಡಲಾರೆವು ಅಂತ ಕ್ಯಾಲಿಫೋರ್ನಿಯಾದಿಂದ ಫೋನಿನಲ್ಲಿ ತಮ್ಮವರಿಗೆ ಹೇಳಿದರು. ಆ ಮಾತು ನಾಸಾದ ಸಭೆಗೆ ಮುಟ್ಟಿತು, ಆದರೆ ಅದನ್ನು ಖಡಾಖಂಡಿತ ‘ಬೇಡ’ ಅಂತ ಯಾರೂ ತಗೊಳ್ಳಲಿಲ್ಲ. ಏರಿದ 73 ಸೆಕೆಂಡಿಗೆ ಶಟಲ್ ಚೂರಾಯಿತು, ಒಳಗಿದ್ದ ಏಳು ಜನ ಹೋದರು.

ಕಾರಣ ಮಂಜುಗಡ್ಡೆ ಅಲ್ಲ. ಬೂಸ್ಟರಿನ ಕೀಲಿನಲ್ಲಿ ಚಳಿಗೆ ಸೆಟೆದುಕೊಂಡ ರಬ್ಬರ್ ಬಳೆ. ಪೆಟ್ರೋನ್ ಹೆದರಿದ್ದು ಒಂದಕ್ಕೆ, ಆಗಿದ್ದು ಇನ್ನೊಂದು. ಅವತ್ತು ನಿಲ್ಲಿಸಿ ಗಡ್ಡೆ ಕೆರೆದು ನೋಡಿದ್ದರೆ ಏನೂ ಸಿಗ್ತಿರಲಿಲ್ಲ. ಬೈಸ್ಕೋತಿದ್ದರು. ಮಾರನೇ ದಿನ ಬಿಸಿಲು ಬರ್ತಿತ್ತು.

ಎರಡನೇ ಚೀಟಿ ಬಂತು. ಸರಿ ಸ್ವಾಮಿ, ಚಕ್ರಕ್ಕೆ ತುಂಡು ಬಿತ್ತು, ನಿಂತೆ. ಪ್ರಶ್ನೆ ಇದ್ದವರು ಟೀ ಹತ್ತಿರ ಬನ್ನಿ.